ಮಕ್ಕಳ ಓರೆಹಲ್ಲೂ ತಂತಿಯ ಚಿಕಿತ್ಸೆಯೂ

ಗೋಡೆಗೆ ಹೊಡೆದ ಮೊಳೆಯನ್ನು ಗೋಡೆ ಕೆಡದಂತೆ ಪಕ್ಕಕ್ಕೆ ಸರಿಸುವುದು ಯಾರಿಂದಲೂ ಆಗದ ಕೆಲಸ. ದವಡೆಯ ಎಲುಬಿನಲ್ಲಿ ಬೇರೂರಿ ನಿಂತಿರುವ ಹಲ್ಲು ನೋಡುವುದಕ್ಕೆ ಆ ಮೊಳೆಯಷ್ಟೇ ಭದ್ರವಾಗಿದೆ. ಕಬ್ಬನ್ನು ಸಿಗಿದರೂ ಕಡಲೆಯನ್ನು ಕಡಿದರೂ ಅದು ಜಾಗ ಬಿಟ್ಟು ಕದಲುವುದಿಲ್ಲ. ಅಂತಹ ಹಲ್ಲನ್ನು ಸುಮಾರು ಅರ್ಧ ಮಿಲಿಮೀಟರು ದಪ್ಪದ ತಂತಿಯೊಂದು ಒಂದೆರಡು ವರ್ಷಗಳಲ್ಲಿ ಸರಿಸಿ, ತಿರುಗಿಸಿ, ಸಾಲಿಗೆ ತಂದು ನಿಲ್ಲಿಸುತ್ತದೆ. ಇದು ಹೇಗೆ ಸಾಧ್ಯ? ಮಗುವಿನ ಹಲ್ಲಿಗೆ ‘ಕ್ಲಿಪ್ಪು’ ಹಾಕಿಸಬೇಕೆ, ಹಾಕಿಸುವುದಾದರೆ ಯಾವ ವಯಸ್ಸಿನಲ್ಲಿ, ಯಾರ ಕೈಯಿಂದ ಎಂದು ಆಲೋಚಿಸುತ್ತಿರುವ ತಾಯಿತಂದೆಯರು ಮೊದಲು ಈ ಒಂದು ಸಂಗತಿಯನ್ನು ತಿಳಿದುಕೊಂಡರೆ, ಉಳಿದ ಅನೇಕ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಹೊಳೆಯುವುದು.

ಹಲ್ಲು ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ಹಲ್ಲಿನ ಬೇರಿಗೂ ಅದನ್ನು ಸುತ್ತುವರಿದ ಎಲುಬಿನ ಗುಳಿಗೂ ನಡುವೆ ಸುಮಾರು ಕಾಲು ಮಿಲಿಮೀಟರಿನಷ್ಟು ಎಡೆಯುಂಟು. ಆ ಎಡೆಯನ್ನು ನವಿರಾದ ನಾರುಗಳು, ರಕ್ತನಾಳಗಳು, ಜೀವಕಣಗಳು ತುಂಬಿವೆ. ಹಗ್ಗದ ಮಂಚದ ಮೇಲೆ ಮಲಗಿದವನಂತೆ ಹಲ್ಲು ಈ ನಾರುಗಳ ಮೇಲೆ ತೂಗಿಕೊಂಡಿದೆ. ತಂತಿಯು ಹಲ್ಲನ್ನು ಒಂದು ಕಡೆಗೆ ಮೆಲ್ಲನೆ ಒತ್ತಿದಾಗ, ಆ ಕಡೆಯ ನಾರುಗಳು ಅದುಮಲ್ಪಡುತ್ತವೆ. ಎದುರು ಕಡೆಯವು ಸೆಳೆಯಲ್ಪಡುತ್ತವೆ. ಅದುಮಿದ ಕಡೆಯಲ್ಲಿ ಎಲುಬನ್ನು ಕರಗಿಸುವ ಜೀವಕಣಗಳು ಬಂದು ನೆರೆಯುತ್ತವೆ. ಸೆಳೆತದ ಕಡೆಯಲ್ಲಿ ಎಲುಬನ್ನು ಕಟ್ಟುವ ಜೀವಕಣಗಳು ಕೆಲಸಕ್ಕೆ ತೊಡಗುತ್ತವೆ. ಮುಂದಿನ ಗೋಡೆಯನ್ನು ಕೆಡವುವ ಆಳುಗಳೂ ಹಿಂದಿನ ಗೋಡೆಯನ್ನು ಎಬ್ಬಿಸುವ ಗಾರೆಯವರೂ ಏಕಕಾಲದಲ್ಲಿ ದುಡಿದರೆ ಕೋಣೆಯೇ ಮುಂದಕ್ಕೆ ಸರಿಯುವುದಷ್ಟೆ? ಹಲ್ಲು ಎಲುಬಿನೊಳಗೆ ನಡೆಯುವುದು ಹೀಗೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ಎಂಬ ವಿಜ್ಞಾನಿ 1904ರಲ್ಲಿ ನಾಯಿಯ ಹಲ್ಲುಗಳ ಮೇಲೆ ಪ್ರಯೋಗ ಮಾಡಿ, ಈ ಕ್ರಿಯೆಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದನು.

ಆತನು ಇನ್ನೊಂದು ಸಂಗತಿಯನ್ನೂ ಕಂಡನು. ಒತ್ತಡ ಮಿತಿಮೀರಿದರೆ ನಾರುಗಳ ನಡುವಣ ರಕ್ತನಾಳಗಳು ಹಿಸುಕಿಹೋಗುತ್ತವೆ. ರಕ್ತವಿಲ್ಲದೆಡೆಯಲ್ಲಿ ಜೀವಕಣಗಳು ಸಾಯುತ್ತವೆ. ಎಲುಬನ್ನು ಕರಗಿಸಬೇಕಾದ ಆಳುಗಳೇ ಇಲ್ಲದುದರಿಂದ ಹಲ್ಲು ಇದ್ದಲ್ಲಿಯೇ ನಿಲ್ಲುತ್ತದೆ. ನೋವು ಮಾತ್ರ ಹೆಚ್ಚುತ್ತದೆ. ಎಷ್ಟೋ ದಿನಗಳ ಮೇಲೆ ಅಕ್ಕಪಕ್ಕದಿಂದ ಜೀವಕಣಗಳು ಬಂದು ಆ ಸತ್ತ ಭಾಗವನ್ನು ತೆರವು ಮಾಡಿದ ಬಳಿಕವೇ ಹಲ್ಲಿಗೆ ದಾರಿ. ಕೆಲವು ವೇಳೆ ಈ ಗದ್ದಲದಲ್ಲಿ ಹಲ್ಲಿನ ಬೇರಿನ ತುದಿಯೂ ಕರಗಿ ಮೋಟಾಗುವುದುಂಟು. 1932ರಲ್ಲಿ ಷ್ವಾರ್ಟ್ಸ್ ಎಂಬ ಸಂಶೋಧಕನು, ಬೇರಿನ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಒತ್ತಡ ಸುಮಾರು 20ರಿಂದ 26 ಗ್ರಾಮನ್ನು ಮೀರಬಾರದೆಂದು ಸೂಚಿಸಿದನು. ಅತಿ ಸಣ್ಣ ರಕ್ತನಾಳಗಳಲ್ಲಿ ರಕ್ತಕ್ಕಿರುವ ಒತ್ತಡ ಹೆಚ್ಚುಕಡಿಮೆ ಇಷ್ಟೇ. ಹೀಗೆ ಹದವರಿತು ಒತ್ತಿದರೆ ಹಲ್ಲು ತಿಂಗಳಿಗೆ ಸರಿಸುಮಾರು ಒಂದು ಮಿಲಿಮೀಟರು ಸರಿಯುತ್ತದೆ.

ಆದುದರಿಂದಲೇ ಈ ಚಿಕಿತ್ಸೆಗೆ ಒಂದೂವರೆ ಎರಡು ವರ್ಷ ಹಿಡಿಯುವುದು. ಇದು ವೈದ್ಯನ ಆಲಸ್ಯವಲ್ಲ. ಎಲುಬು ತನ್ನನ್ನು ತಾನು ಕೆಡವಿ ಕಟ್ಟಿಕೊಳ್ಳುವುದಕ್ಕೆ ಬೇಕಾದ ಕಾಲ. ‘ಬೇಗ ಆಗಲಿ, ಇನ್ನೂ ಬಿಗಿಯಾಗಿ ಕಟ್ಟಿರಿ’ ಎಂದು ಒತ್ತಾಯಿಸುವ ತಂದೆ ತನ್ನ ಮಗುವಿಗೆ ಉಪಕಾರ ಮಾಡುತ್ತಿಲ್ಲ. ಎಂತಹ ವಕ್ರದಂತಗಳನ್ನಾದರೂ ಕೆಲವೇ ತಿಂಗಳಲ್ಲಿ ನೆಟ್ಟಗೆ ಮಾಡುವೆವೆಂದು ಫಲಕ ಹಾಕಿರುವ ಕಡೆಗೆ ಹೋಗುವ ಮುನ್ನವೂ ಈ ಲೆಕ್ಕವನ್ನು ನೆನೆಯುವುದು ಲೇಸು.

ಹಲ್ಲನ್ನು ಸರಿಸುವ ಹಂಬಲ ಹಳೆಯದು. ಪ್ಯಾರಿಸಿನ ಪಿಯೆರ್ ಫೊಶಾರ್ ಎಂಬ ದಂತವೈದ್ಯನು 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ರಂಧ್ರಗಳಿರುವ ಲೋಹದ ಪಟ್ಟಿಯೊಂದಕ್ಕೆ ಹಲ್ಲುಗಳನ್ನು ದಾರದಿಂದ ಬಿಗಿಯುವ ಕ್ರಮವನ್ನು ವರ್ಣಿಸಿದ್ದಾನೆ. ಇದನ್ನು ಶಾಸ್ತ್ರವಾಗಿ ಬೆಳೆಸಿದವನು ಅಮೆರಿಕದ ಎಡ್ವರ್ಡ್ ಆಂಗಲ್. ಮೇಲಿನ ಕೆಳಗಿನ ದವಡೆಹಲ್ಲುಗಳು ಒಂದನ್ನೊಂದು ಹೇಗೆ ಸಂಧಿಸುತ್ತವೆ ಎಂಬುದನ್ನು ಆಧಾರವಾಗಿಟ್ಟುಕೊಂಡು ಆತನು 1899ರಲ್ಲಿ ಮಾಡಿದ ವಿಂಗಡಣೆಯನ್ನು ಇಂದಿಗೂ ವೈದ್ಯರು ಬಳಸುತ್ತಾರೆ. ಆತನ ಕಾಲದಲ್ಲಿ ಹಲ್ಲುಗಳಿಗೆ ಲೋಹದ ಉಂಗುರ ತೊಡಿಸಿ ಅದಕ್ಕೆ ತಂತಿ ಸೇರಿಸಬೇಕಾಗಿತ್ತು. 1955ರಲ್ಲಿ ಬ್ಯೂನೊಕೋರ್ ಎಂಬುವನು ಹಲ್ಲಿನ ಮೇಲ್ಪದರವಾದ ಎನಾಮೆಲನ್ನು ಫಾಸ್ಫಾರಿಕ್ ಆಮ್ಲದಿಂದ ತುಸು ತರಿಮಾಡಿದರೆ ಅಂಟು ಗಟ್ಟಿಯಾಗಿ ಹಿಡಿಯುವುದೆಂದು ತೋರಿಸಿದ ಮೇಲೆ, ಉಂಗುರದ ಬದಲು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಗುಂಡಿಗಳನ್ನು ಹಲ್ಲಿಗೆ ಅಂಟಿಸುವುದು ಸಾಧ್ಯವಾಯಿತು. ತಂತಿಯೂ ಬದಲಾಗಿದೆ. ಅಮೆರಿಕದ ನೌಕಾಪಡೆಯ ಪ್ರಯೋಗಶಾಲೆಯಲ್ಲಿ ಬ್ಯೂಲರ್ ಎಂಬುವನು 1960ರ ಸುಮಾರಿಗೆ ಬೇರೆ ಯಾವುದೋ ಕೆಲಸಕ್ಕಾಗಿ ರೂಪಿಸಿದ ನಿಕ್ಕಲ್-ಟೈಟೇನಿಯಂ ಮಿಶ್ರಲೋಹವು ಎಷ್ಟು ಬಾಗಿಸಿದರೂ ತನ್ನ ಮೊದಲಿನ ಆಕಾರಕ್ಕೆ ಮೆಲ್ಲಮೆಲ್ಲನೆ ಮರಳುವ ಗುಣವುಳ್ಳದ್ದು. 1970ರ ದಶಕದಲ್ಲಿ ಅದು ಮಕ್ಕಳ ಬಾಯಿಗೆ ಬಂದಿತು. ಹಿಂದೆ ಉಕ್ಕಿನ ತಂತಿಯನ್ನು ಮತ್ತೆಮತ್ತೆ ಬಾಗಿಸಿ ಬಿಗಿಯಬೇಕಾಗಿದ್ದಲ್ಲಿ, ಈಗ ಮೃದುವಾದ ಒತ್ತಡ ವಾರಗಟ್ಟಲೆ ಸಮನಾಗಿ ದೊರೆಯುತ್ತದೆ.

ಇನ್ನು ಕಾಲದ ಪ್ರಶ್ನೆ. ಮಗುವಿಗೆ ಹಾಲುಹಲ್ಲುಗಳು ಇಪ್ಪತ್ತು. ಆರನೆಯ ವರ್ಷದ ಸುಮಾರಿಗೆ ಅವು ಉದುರತೊಡಗಿ, ಹನ್ನೆರಡರ ವೇಳೆಗೆ ಅವುಗಳ ಎಡೆಯಲ್ಲೆಲ್ಲ ಸ್ಥಿರದಂತಗಳು ಬಂದಿರುತ್ತವೆ. ಬಿದ್ದ ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆಸೆಯುವ ವಾಡಿಕೆ ನಮ್ಮಲ್ಲಿ ಅನೇಕ ಮನೆಗಳಲ್ಲಿತ್ತು. ಆ ಸಂಭ್ರಮ ಮುಗಿದ ಮೇಲೆ, ಎಂಟು ಒಂಬತ್ತು ವರ್ಷದ ಮಗುವಿನ ಬಾಯಲ್ಲಿ ಮೇಲಿನ ಬಾಚಿಹಲ್ಲುಗಳು ಬೀಸಣಿಗೆಯಂತೆ ಹರಡಿಕೊಂಡು, ನಡುವೆ ಸಂದು ಬಿಟ್ಟುಕೊಂಡು ಬರುವುದನ್ನು ಕಂಡು ಎಷ್ಟೋ ತಾಯಂದಿರು ಗಾಬರಿಗೊಳ್ಳುತ್ತಾರೆ. ಈ ಅಂದಗೇಡು ಬಹುಮಟ್ಟಿಗೆ ತಾತ್ಕಾಲಿಕವಾದುದು. ಎಲುಬಿನೊಳಗೆ ಇಳಿಯುತ್ತಿರುವ ಕೋರೆಹಲ್ಲುಗಳು ಬಾಚಿಹಲ್ಲಿನ ಬೇರುಗಳನ್ನು ಒತ್ತುತ್ತಿರುವುದರಿಂದ ಹಾಗೆ ಕಾಣುತ್ತದೆ. ಹನ್ನೊಂದು ಹನ್ನೆರಡನೆಯ ವರ್ಷದಲ್ಲಿ ಕೋರೆಹಲ್ಲು ಹೊರಬಂದಾಗ ಸಂದು ತಾನಾಗಿಯೇ ಮುಚ್ಚುವುದೇ ಹೆಚ್ಚು. ಆ ವಯಸ್ಸಿನಲ್ಲಿ ಸಂದು ಮುಚ್ಚಿಸಲು ಅವಸರಪಟ್ಟು ತಂತಿ ಕಟ್ಟಿಸಿದರೆ, ಇಳಿಯುತ್ತಿರುವ ಕೋರೆಹಲ್ಲಿನ ದಾರಿಗೆ ಬಾಚಿಹಲ್ಲಿನ ಬೇರುಗಳನ್ನು ತಳ್ಳಿದಂತಾಗುವ ಅಪಾಯವೂ ಇದೆ.

ಹಾಗೆಂದು ಹನ್ನೆರಡು ವರ್ಷ ತುಂಬುವವರೆಗೆ ಹಲ್ಲಿನ ಕಡೆ ನೋಡಲೇಬೇಕಾಗಿಲ್ಲ ಎಂದಲ್ಲ. ಅಮೆರಿಕದ ತಜ್ಞರ ಸಂಘವು ಏಳನೆಯ ವರ್ಷದೊಳಗೆ ಒಮ್ಮೆ ತೋರಿಸಿರೆಂದು ಸಲಹೆ ಮಾಡುತ್ತದೆ. ತೋರಿಸುವುದೇ ಹೊರತು ತಂತಿ ಕಟ್ಟಿಸುವುದಲ್ಲ. ಕಾಯಬಾರದ ದೋಷಗಳು ಕೆಲವೇ. ಮೇಲಿನ ಹಲ್ಲುಗಳು ಕೆಳಗಿನವುಗಳ ಹೊರಗೆ ಕೂಡುವುದು ಸಹಜವಾಗಿರಲು, ಕೆಲವು ಮಕ್ಕಳಲ್ಲಿ ಅವು ಒಳಗೆ ಕೂಡುತ್ತವೆ. ಮೇಲ್ದವಡೆ ಕಿರಿದಾಗಿರುವುದೇ ಇದಕ್ಕೆ ಅನೇಕ ವೇಳೆ ಕಾರಣ. ಅಂಗುಳಿನ ನಡುವೆ ಮೇಲ್ದವಡೆಯ ಎರಡು ಭಾಗಗಳು ಕೂಡುವ ಬೆಸುಗೆ ಬಾಲ್ಯದಲ್ಲಿ ಸಡಿಲವಾಗಿರುತ್ತದೆ. ಆಗ ಚಿಕ್ಕದೊಂದು ತಿರುಪು ಅಳವಡಿಸಿ ಅದನ್ನು ಅಗಲಿಸಬಹುದು. ಪ್ರಾಯ ಬಂದ ಮೇಲೆ ಬೆಸುಗೆ ಬಲಿತು ಅದೇ ಕೆಲಸ ಕಷ್ಟವಾಗುತ್ತದೆ. ಹತ್ತು ಹನ್ನೊಂದು ವರ್ಷವಾದರೂ ಮೇಲಿನ ಕೋರೆಹಲ್ಲಿನ ಉಬ್ಬು ಒಸಡಿನ ಹೊರಭಾಗದಲ್ಲಿ ಬೆರಳಿಗೆ ತಾಗದಿದ್ದರೆ ಅದೂ ಕ್ಷಕಿರಣ ಚಿತ್ರ ತೆಗೆಸಬೇಕಾದ ಸೂಚನೆ. ದಾರಿತಪ್ಪಿದ ಕೋರೆಹಲ್ಲು ಅಂಗುಳಿನ ಕಡೆ ಅಡ್ಡಬಿದ್ದು ಪಕ್ಕದ ಹಲ್ಲಿನ ಬೇರನ್ನು ಸವೆಯಿಸಬಲ್ಲದು. ಸಕಾಲದಲ್ಲಿ ಕಂಡುಹಿಡಿದರೆ, ಅಲ್ಲಿರುವ ಹಾಲಿನ ಕೋರೆಹಲ್ಲನ್ನು ತೆಗೆದುಹಾಕುವಷ್ಟರಿಂದಲೇ ಅನೇಕ ವೇಳೆ ಅದು ಸರಿದಾರಿಗೆ ಬರುತ್ತದೆ. ಬೆರಳು ಚೀಪುವ ಅಭ್ಯಾಸವನ್ನು ಮುಂದಿನ ಸ್ಥಿರದಂತಗಳು ಬರುವ ಮೊದಲೇ ಬಿಡಿಸಿದರೆ ಹಾನಿ ಬಹುಶಃ ಉಳಿಯುವುದಿಲ್ಲ.

‘ಹಾಲುಹಲ್ಲು ತಾನೆ, ಹೇಗೂ ಬೀಳುವುದು’ ಎಂಬ ಮಾತು ಈ ವಿಷಯದಲ್ಲಿ ಬಹಳ ಕೇಡು ಮಾಡಿದೆ. ಹಾಲಿನ ದವಡೆಹಲ್ಲು ಹುಳುಕಾಗಿ ಕಾಲಕ್ಕೆ ಮೊದಲೇ ಹೋದರೆ, ಅದರ ಹಿಂದೆ ಆರನೆಯ ವರ್ಷದಲ್ಲಿಯೇ ಬಂದು ನಿಂತಿರುವ ಸ್ಥಿರ ದವಡೆಹಲ್ಲು ಬರಿದಾದ ಜಾಗಕ್ಕೆ ವಾಲಿಕೊಳ್ಳುತ್ತದೆ. ಹತ್ತನೆಯ ವರ್ಷದಲ್ಲಿ ಬರಬೇಕಾದ ಹಲ್ಲಿಗೆ ಎಡೆಯಿಲ್ಲದೆ ಅದು ಸಾಲು ಬಿಟ್ಟು ಹುಟ್ಟುತ್ತದೆ. ಹುಳುಕನ್ನು ತುಂಬಿಸುವುದು, ಅದಕ್ಕೆ ಸಮಯ ಮೀರಿದ್ದರೆ ಜಾಗ ಕಾಯುವ ಒಂದು ಸಣ್ಣ ತಂತಿಯ ಕಮಾನನ್ನು ಹಾಕಿಸುವುದು ಇವು ಮುಂದಿನ ಎರಡು ವರ್ಷಗಳ ಚಿಕಿತ್ಸೆಗಿಂತ ಎಷ್ಟೋ ಅಗ್ಗ.

ಉಬ್ಬುಹಲ್ಲಿನ ಮಾತು ಬೇರೆಯಾಗಿಯೇ ಹೇಳತಕ್ಕದ್ದು. ಇದಕ್ಕೆ ಏಳೆಂಟು ವರ್ಷದಲ್ಲಿ ಒಮ್ಮೆ, ಹನ್ನೆರಡರಲ್ಲಿ ಮತ್ತೊಮ್ಮೆ ಎಂದು ಎರಡು ಹಂತದ ಚಿಕಿತ್ಸೆಯನ್ನು ಕೆಲವರು ಸೂಚಿಸುವುದುಂಟು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಮೊದಲೇ ಆರಂಭಿಸಿದವರಲ್ಲಿ ಬಿದ್ದು ಮುಂದಿನ ಹಲ್ಲು ಮುರಿದುಕೊಳ್ಳುವ ಸಂಭವ ಕಡಿಮೆ. ಇದೊಂದನ್ನು ಬಿಟ್ಟರೆ ಹದಿಹರೆಯದಲ್ಲಿ ಒಂದೇ ಹಂತದಲ್ಲಿ ಮಾಡಿದ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಆದುದರಿಂದ ಹಲ್ಲು ಬಹಳ ಮುಂಚಾಚಿರುವ, ಎದ್ದುಬಿದ್ದು ಓಡಾಡುವ ತುಂಟ ಮಗುವಿಗೆ ಬೇಗ ಆರಂಭಿಸುವುದು ಯುಕ್ತವಾಗಬಹುದು. ಸಹಪಾಠಿಗಳ ಹಾಸ್ಯಕ್ಕೆ ಕುಗ್ಗಿ ಬಾಯಿ ಮುಚ್ಚಿಕೊಂಡೇ ಮಾತನಾಡುವ ಮಗುವಿನ ವಿಷಯದಲ್ಲಿಯೂ ಹಾಗೆಯೇ. ಉಳಿದವರು ನಿಶ್ಚಿಂತೆಯಿಂದ ಕಾಯಬಹುದು. ಕೆಳದವಡೆ ಹಿಂದುಳಿದಿರುವುದರಿಂದ ಹಲ್ಲು ಉಬ್ಬಿ ಕಾಣುತ್ತಿದ್ದರೆ, ಎತ್ತರ ಭರದಿಂದ ಬೆಳೆಯುವ ಕಾಲವನ್ನು ಮಾತ್ರ ಕಳೆದುಕೊಳ್ಳಬಾರದು. ಹೆಣ್ಣುಮಕ್ಕಳಲ್ಲಿ ಅದು ಗಂಡುಮಕ್ಕಳಿಗಿಂತ ಎರಡು ವರ್ಷದಷ್ಟು ಮೊದಲೇ ಬರುತ್ತದೆ. ಮಗಳಿಗೆ ವರಾನ್ವೇಷಣೆ ಆರಂಭವಾದಾಗ ಹಲ್ಲಿನ ನೆನಪು ಮಾಡಿಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಇಪ್ಪತ್ತೆರಡರಲ್ಲಿಯೂ ಹಲ್ಲು ಸರಿಯುತ್ತದೆ, ಎಲುಬು ಆಗಲೂ ಜೀವಂತವೇ. ಆದರೆ ದವಡೆಯ ಬೆಳವಣಿಗೆಯನ್ನು ತಿದ್ದುವ ಕಾಲ ಆಗ ಮುಗಿದಿರುತ್ತದೆ.

ಎಲ್ಲ ಓರೆಹಲ್ಲಿಗೂ ಚಿಕಿತ್ಸೆ ಬೇಕೆ? ಬೇಡ. ಬ್ರಿಟನ್ನಿನಲ್ಲಿ ಸರ್ಕಾರದ ಖರ್ಚಿನಿಂದ ಚಿಕಿತ್ಸೆ ನಡೆಯುವುದರಿಂದ, ಯಾರಿಗೆ ನಿಜವಾಗಿ ಅಗತ್ಯ ಎಂದು ನಿರ್ಣಯಿಸಲು ಬ್ರೂಕ್ ಮತ್ತು ಷಾ ಎಂಬುವರು 1989ರಲ್ಲಿ ಐದು ದರ್ಜೆಗಳ ಮಾಪನವೊಂದನ್ನು ಪ್ರಕಟಿಸಿದರು. ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ 6 ಮಿಲಿಮೀಟರಿಗೂ ಹೆಚ್ಚು ಮುಂದಿದ್ದರೆ ಅದು ನಾಲ್ಕನೆಯ ದರ್ಜೆ. 9ನ್ನು ಮೀರಿದರೆ ಐದನೆಯದು. ಮೊದಲ ಎರಡು ದರ್ಜೆಯವರಿಗೆ ಆರೋಗ್ಯದ ದೃಷ್ಟಿಯಿಂದ ಚಿಕಿತ್ಸೆಯ ಅಗತ್ಯ ಇಲ್ಲವೇ ಇಲ್ಲವೆನ್ನಬಹುದು. ನಿಮ್ಮ ವೈದ್ಯರನ್ನು ‘ಈ ಮಗು ಯಾವ ದರ್ಜೆಗೆ ಸೇರುತ್ತದೆ?’ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ.

ವೈದ್ಯರನ್ನು ಆರಿಸುವ ವಿಚಾರಕ್ಕೆ ಬರೋಣ. ಬಿ.ಡಿ.ಎಸ್. ಪದವಿ ಪಡೆದ ಮೇಲೆ ಮೂರು ವರ್ಷ ಈ ಒಂದು ಶಾಖೆಯನ್ನೇ ಅಭ್ಯಾಸ ಮಾಡಿ ಎಂ.ಡಿ.ಎಸ್. ಪದವಿ ಗಳಿಸಿದವರು ಆರ್ಥೊಡಾಂಟಿಸ್ಟರು. ಎಂ.ಡಿ.ಎಸ್. ಎಂದಷ್ಟೇ ಫಲಕದಲ್ಲಿದ್ದರೆ ಸಾಲದು. ಒಸಡಿನ ರೋಗ, ಬೇರಿನ ಚಿಕಿತ್ಸೆ ಮೊದಲಾದುವುಗಳಿಗೂ ಅದೇ ಅಕ್ಷರಗಳು. ಯಾವ ಶಾಖೆಯಲ್ಲಿ ಎಂದು ಕೇಳಿ ತಿಳಿಯಬೇಕು. ಸಾಮಾನ್ಯ ದಂತವೈದ್ಯರಲ್ಲಿಯೂ ತಂತಿ ಕಟ್ಟುವವರುಂಟು. ಅನೇಕ ಚಿಕಿತ್ಸಾಲಯಗಳಿಗೆ ಆರ್ಥೊಡಾಂಟಿಸ್ಟರು ವಾರಕ್ಕೊಮ್ಮೆ ಬಂದುಹೋಗುವ ಏರ್ಪಾಡೂ ಉಂಟು. ಅದರಲ್ಲಿ ತಪ್ಪಿಲ್ಲ, ಆದರೆ ಎರಡು ವರ್ಷವೂ ಒಬ್ಬರೇ ಬರುವರೇ, ನಡುವೆ ತಂತಿ ಕಿತ್ತು ಕೆನ್ನೆಗೆ ಚುಚ್ಚಿದರೆ ಯಾರು ನೋಡುವರು ಎಂಬುದನ್ನು ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕು. ನಾಲ್ಕರಿಂದ ಆರು ವಾರಕ್ಕೊಮ್ಮೆಯಂತೆ ಎರಡು ವರ್ಷಕ್ಕೆ ಸುಮಾರು ಇಪ್ಪತ್ತು ಸಲ ಹೋಗಬೇಕಾಗುವುದರಿಂದ, ದೂರದ ಹೆಸರುವಾಸಿ ವೈದ್ಯರಿಗಿಂತ ಶಾಲೆ ಬಿಟ್ಟಮೇಲೆ ಹೋಗಿಬರಬಹುದಾದ ಸಮೀಪದ ಸಮರ್ಥರು ಮೇಲು. ವರ್ಗಾವಣೆಯ ನೌಕರಿಯವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಖರ್ಚಿನ ಚಿಂತೆಯುಳ್ಳವರು ದಂತವೈದ್ಯ ಕಾಲೇಜುಗಳ ಆಸ್ಪತ್ರೆಗಳನ್ನು ಮರೆಯಬಾರದು. ಮಣಿಪಾಲದ ಕಾಲೇಜು 1965ರಲ್ಲಿಯೂ ಬೆಂಗಳೂರಿನ ಸರ್ಕಾರಿ ಕಾಲೇಜು 1958ರಲ್ಲಿಯೂ ಸ್ಥಾಪಿತವಾದುವು. ಅನಂತರ ನಾಡಿನಲ್ಲಿ ಇಂತಹವು ಅನೇಕ ಹುಟ್ಟಿವೆ. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿಗೆ ಕೆಲಸ ಮಾಡುತ್ತಾರೆ. ವೇಳೆ ಹೆಚ್ಚು ಹಿಡಿಯುತ್ತದೆ, ಹಣ ಕಡಿಮೆ.

ಮೊದಲ ಭೇಟಿಯಲ್ಲಿ ವೈದ್ಯರು ಏನು ಮಾಡುತ್ತಾರೆ ಎಂಬುದೇ ಅವರ ಪರಿಚಯ ಪತ್ರ. ಬಾಯನ್ನು ನೋಡಿದ ಕೂಡಲೆ ಗುಂಡಿ ಅಂಟಿಸಲು ಸಿದ್ಧರಾಗುವವರಿಂದ ದೂರವಿರುವುದು ಕ್ಷೇಮ. ಹಲ್ಲಿನ ಅಚ್ಚು, ಮುಖದ ಛಾಯಾಚಿತ್ರ, ಎರಡು ದವಡೆಗಳ ಕ್ಷಕಿರಣ ಚಿತ್ರ, ತಲೆಯ ಪಕ್ಕನೋಟದ ಕ್ಷಕಿರಣ ಚಿತ್ರ ಇಷ್ಟಾದರೂ ಬೇಕು. ಪಕ್ಕನೋಟದ ಚಿತ್ರವನ್ನು ಅಳೆಯುವ ಕ್ರಮವನ್ನು 1931ರಲ್ಲಿ ಅಮೆರಿಕದಲ್ಲಿ ಬ್ರಾಡ್‌ಬೆಂಟನೂ ಜರ್ಮನಿಯಲ್ಲಿ ಹೋಫ್ರಾತನೂ ಬೇರೆಬೇರೆಯಾಗಿ ರೂಪಿಸಿದರು. ದೋಷ ಹಲ್ಲಿನಲ್ಲಿದೆಯೋ ದವಡೆಯಲ್ಲಿದೆಯೋ ಎಂಬುದನ್ನು ಅದೇ ಹೇಳಬಲ್ಲದು.

ಎಲ್ಲಕ್ಕಿಂತ ಹೆಚ್ಚಾಗಿ ತಾಯಿತಂದೆಯರನ್ನು ಕಾಡುವುದು ‘ನಾಲ್ಕು ಹಲ್ಲು ಕೀಳಬೇಕು’ ಎಂಬ ಮಾತು. ಹುಳುಕಿಲ್ಲದ ಹಲ್ಲನ್ನು ಕೀಳುವುದು ಅನ್ಯಾಯವೆಂದು ತೋರುವುದು ಸಹಜ. ಇದೇ ಪ್ರಶ್ನೆ ಆ ಶಾಸ್ತ್ರವನ್ನೇ ಇಬ್ಭಾಗವಾಗಿ ಸೀಳಿತ್ತು. ಪ್ರಕೃತಿ ಕೊಟ್ಟ ಮೂವತ್ತೆರಡು ಹಲ್ಲುಗಳಿಗೂ ಪ್ರತಿಯೊಂದು ಬಾಯಲ್ಲಿಯೂ ಎಡೆಯಿದೆ, ಹಲ್ಲನ್ನು ಸರಿಯಾಗಿ ನಿಲ್ಲಿಸಿದರೆ ಎಲುಬು ತಾನಾಗಿ ಬೆಳೆದುಕೊಳ್ಳುವುದು ಎಂಬುದು ಆಂಗಲನ ದೃಢವಾದ ನಂಬಿಕೆ. ಕ್ಯಾಲ್ವಿನ್ ಕೇಸ್ ಎಂಬುವನು 1911ರಲ್ಲಿ ಇದನ್ನು ಬಹಿರಂಗವಾಗಿ ವಿರೋಧಿಸಿದನಾದರೂ ಅವನ ಮಾತು ನಡೆಯಲಿಲ್ಲ. ಕೊನೆಗೆ ಆಂಗಲನ ಶಿಷ್ಯನೇ ಆದ ಚಾರ್ಲ್ಸ್ ಟ್ವೀಡ್, ಹಲ್ಲು ಕೀಳದೆ ತಾನೇ ಸರಿಪಡಿಸಿದ್ದ ಅನೇಕರಲ್ಲಿ ಹಲ್ಲುಗಳು ಮತ್ತೆ ಮುಂಚಾಚಿಯೋ ಸೊಟ್ಟಗಾಗಿಯೋ ಹೋದುದನ್ನು ಕಂಡು, ಅವರಿಗೆ ಕೋರೆಹಲ್ಲಿನ ಹಿಂದಿನ ನಾಲ್ಕು ಹಲ್ಲುಗಳನ್ನು ತೆಗೆದು ಚಿಕಿತ್ಸೆಯನ್ನು ಮತ್ತೊಮ್ಮೆ ಮಾಡಿದನು. 1940ರಲ್ಲಿ ಆ ಫಲಿತಾಂಶಗಳನ್ನು ಆತನು ತಜ್ಞರ ಮುಂದಿಟ್ಟ ಮೇಲೆ ಗಾಳಿ ತಿರುಗಿತು. ಮುಂದೆ ಕೆಲವು ದಶಕ ಅದು ಇನ್ನೊಂದು ಅತಿಗೂ ಹೋಯಿತು. ಇಂದು ಎರಡು ಪಕ್ಷಕ್ಕೂ ಅಂಟಿಕೊಳ್ಳದೆ, ಎಷ್ಟು ಮಿಲಿಮೀಟರು ಜಾಗ ಬೇಕು, ಎಲ್ಲಿಂದ ದೊರೆಯುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಹಾಲಿನ ದವಡೆಹಲ್ಲು ಅದರ ಎಡೆಗೆ ಬರುವ ಹಲ್ಲಿಗಿಂತ ಅಗಲವಾದುದರಿಂದ ಸ್ವಲ್ಪ ಜಾಗ ಪ್ರಕೃತಿಯಿಂದಲೇ ದೊರೆಯುವುದುಂಟು. ವೈದ್ಯರು ಈ ಲೆಕ್ಕವನ್ನು ಅಚ್ಚಿನ ಮೇಲೆ ತೋರಿಸಿ ವಿವರಿಸಿದರೆ ಕೀಳುವುದಕ್ಕೆ ಹೆದರಬೇಕಾಗಿಲ್ಲ. ವಿವರಿಸದಿದ್ದರೆ, ಚಿತ್ರಗಳ ಪ್ರತಿಯನ್ನು ಪಡೆದು ಇನ್ನೊಬ್ಬರ ಅಭಿಪ್ರಾಯ ಕೇಳಬಹುದು. ಕಿತ್ತ ಹಲ್ಲು ಮರಳಿ ಬರುವುದಿಲ್ಲವಾದುದರಿಂದ ಈ ಒಂದು ತಿಂಗಳ ವಿಳಂಬ ನಷ್ಟವಲ್ಲ.

ತಂತಿಯ ಬದಲು ಪಾರದರ್ಶಕ ಪ್ಲಾಸ್ಟಿಕ್ ತಟ್ಟೆಗಳನ್ನು ತೊಡಿಸುವ ಕ್ರಮವೂ ಈಗ ಬಳಕೆಯಲ್ಲಿದೆ. ದಿನಕ್ಕೆ 20ರಿಂದ 22 ಗಂಟೆ ತೊಟ್ಟಿರಬೇಕು. ಮಗು ಅದನ್ನು ತೆಗೆದಿಡಬಲ್ಲದು ಎಂಬುದು ಅದರ ಸೌಕರ್ಯವೂ ಹೌದು, ದೌರ್ಬಲ್ಯವೂ ಹೌದು. ವೈದ್ಯರನ್ನು ಕಾಣದೆಯೇ ಇಂತಹ ತಟ್ಟೆಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಹಬ್ಬಿತ್ತು. ಅದರಲ್ಲಿ ಪ್ರಮುಖವಾಗಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ಕಂಪನಿ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ, ಅರ್ಧ ಚಿಕಿತ್ಸೆಯಾಗಿದ್ದವರಿಗೆ ಮುಂದಿನ ದಾರಿ ತೋರಿಸುವವರಿಲ್ಲದಂತಾಯಿತು.

ತಂತಿ ಕಟ್ಟಿದ ಮೇಲೆ ಮೊದಲ ಮೂರು ನಾಲ್ಕು ದಿನ ಹಲ್ಲು ನೋಯುತ್ತದೆ. ಚಕ್ಕುಲಿ, ಕೋಡುಬಳೆ, ಕಬ್ಬು, ಸಂಕ್ರಾಂತಿಯ ಕೊಬ್ಬರಿ ಚೂರು ಇವು ಗುಂಡಿಗಳನ್ನು ಕಿತ್ತುಹಾಕುತ್ತವೆ. ಮುದ್ದೆ ಸೊಪ್ಪಿನ ಸಾರಿನ ಮನೆಯ ಮಕ್ಕಳಿಗೆ ತೊಂದರೆ ಕಡಿಮೆ; ಮುದ್ದೆಯನ್ನು ಅಗಿಯುವ ಗೊಡವೆಯೇ ಇಲ್ಲ. ನಿಜವಾದ ಅಪಾಯ ಬೇರೆ. ಗುಂಡಿಯ ಸುತ್ತ ಅನ್ನದಗುಳು ನಿಂತು, ಅದರಿಂದ ಹುಟ್ಟುವ ಆಮ್ಲ ಎನಾಮೆಲನ್ನು ಕರಗಿಸಿದರೆ, ತಂತಿ ಬಿಚ್ಚಿದ ದಿನ ಪ್ರತಿ ಹಲ್ಲಿನ ಮೇಲೂ ಸುಣ್ಣದ ಬೊಟ್ಟಿನಂತೆ ಬಿಳಿಯ ಕಲೆ ಕಾಣುತ್ತದೆ. ಊಟವಾದೊಡನೆ ಫ್ಲೋರೈಡ್ ಪೇಸ್ಟಿನಿಂದ ಉಜ್ಜುವ ಅಭ್ಯಾಸ ಬಾರದ ಮಗುವಿಗೆ ಚಿಕಿತ್ಸೆಯನ್ನು ಆರು ತಿಂಗಳು ಮುಂದೂಡುವ ವೈದ್ಯರು ಸರಿಯಾದ ವೈದ್ಯರು. ಕೋಲಾರ, ಪಾವಗಡ ಮೊದಲಾದ ಸೀಮೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು ಹಲ್ಲು ಕಂದಾಗಿರುವ ಮಕ್ಕಳುಂಟಷ್ಟೆ. ಅಂತಹ ಹಲ್ಲಿನ ಮೇಲೆ ಗುಂಡಿಯ ಅಂಟು ಅಷ್ಟು ಭದ್ರವಾಗಿ ಹಿಡಿಯದಿರಬಹುದು. ಇದನ್ನು ವೈದ್ಯರ ಗಮನಕ್ಕೆ ಮೊದಲೇ ತರಬೇಕು.

ತಂತಿ ಬಿಚ್ಚಿದೊಡನೆ ಎಲ್ಲವೂ ಮುಗಿಯಿತೆಂದು ಭಾವಿಸುವುದು ತಪ್ಪು. ಎಲುಬು ಹೊಸದಾಗಿ ಕಟ್ಟಿದೆ, ಇನ್ನೂ ಬಲಿತಿಲ್ಲ. ಹಲ್ಲಿನ ಬೇರನ್ನು ಹಿಡಿದ ನಾರುಗಳು ಮೂರು ನಾಲ್ಕು ತಿಂಗಳಲ್ಲಿ ಹೊಸ ನೆಲೆಗೆ ಹೊಂದಿಕೊಂಡರೂ, ಒಸಡಿನೊಳಗಣ ರಬ್ಬರಿನಂತಹ ನಾರುಗಳು ಒಂದು ವರ್ಷವಾದರೂ ಹಲ್ಲನ್ನು ಹಳೆಯ ಎಡೆಗೆ ಎಳೆಯುತ್ತಲೇ ಇರುತ್ತವೆ. ಅದಕ್ಕಾಗಿ ಹಲ್ಲನ್ನು ಹಿಡಿದಿಡುವ ತಟ್ಟೆಯನ್ನು ಮೊದಲು ವೈದ್ಯರು ಹೇಳಿದಷ್ಟು ಕಾಲ ಇಡೀ ದಿನವೂ ಆಮೇಲೆ ಹಲವು ವರ್ಷ ರಾತ್ರಿಯಲ್ಲಿಯೂ ತೊಡಬೇಕು. ಮೊದಲು ಒಪ್ಪಿದ ಹಣದಲ್ಲಿ ಈ ತಟ್ಟೆಯೂ ಸೇರಿದೆಯೇ ಎಂದು ಆರಂಭದಲ್ಲಿಯೇ ಕೇಳಿ ಬರೆಯಿಸಿಕೊಳ್ಳುವುದು ಒಳ್ಳೆಯದು. ಮದುವೆಯ ಮನೆಯಲ್ಲಿ ಊಟಕ್ಕೆ ಕುಳಿತ ಮಗು ತಟ್ಟೆಯನ್ನು ಬಾಯಿಂದ ತೆಗೆದು ಬಾಳೆಯೆಲೆಯ ಅಂಚಿನಲ್ಲಿಡುತ್ತದೆ. ಎಲೆಯೊಡನೆ ಅದೂ ಹೋಗುತ್ತದೆ. ಅದಕ್ಕೊಂದು ಗಟ್ಟಿ ಡಬ್ಬಿಯನ್ನು ಕೊಟ್ಟಿರಬೇಕು. ಕಳೆದೇಹೋದರೆ ಅದೇ ವಾರದಲ್ಲಿ ಹೊಸದನ್ನು ಮಾಡಿಸತಕ್ಕದ್ದು; ತಿಂಗಳುಗಟ್ಟಲೆ ಬಿಟ್ಟರೆ ಹೊಸ ತಟ್ಟೆ ಅಷ್ಟರಲ್ಲಿ ಸರಿದುಹೋದ ಹಲ್ಲಿನ ಅಳತೆಗೇ ತಯಾರಾಗುತ್ತದೆ.